ಕೂಗು ಹಾಕುವ ಜಾಗ

ನಮ್ಮ ಮನೆಗೂ ಚಿಕ್ಕಪ್ಪನ ಮನೆಗೂ ನಡುವೆ ಒಂದು ಅಡಿಕೆ ತೋಟ, ತೋಟದ ಮಧ್ಯೆ ಒಂದು ಹಳ್ಳ. ಹಳ್ಳಕ್ಕೆ ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ, ಹಿಡಿದುಕೊಳ್ಳಲು ಒಂದು ಬಿದಿರು ಗಳ. ಪ್ರತಿ ವರ್ಷ ರೋಹಿಣಿ ಮಳೆ ಹಿಡಿಯುವ ಮೊದಲು ಚಿಕ್ಕಪ್ಪ ಹಳೇ ಮರ ತೆಗೆಸಿ ಹೊಸದು ಹಾಕಿಸುತ್ತಾರೆ. ಕೆಲವು ವರ್ಷ ಅದು ದೀಪಾವಳಿ ತನಕ ಬಾಳುತ್ತದೆ, ಕೆಲವು ವರ್ಷ ಆರಿದ್ರಾ ಮಳೆಯ ಒಂದೇ ರಾತ್ರಿಗೆ ತೇಲಿ ಹೋಗಿರುತ್ತದೆ. ತೀರ್ಥಹಳ್ಳಿಯಿಂದ ಹೊಸನಗರದ ಕಡೆ ಹೋಗುವಾಗ ಟಾರು ರಸ್ತೆ ಬಿಟ್ಟು ಒಳಗೆ ಇಳಿದರೆ ಇಂಥ ಸಂಕಗಳು ಇನ್ನೂ ಸಿಗುತ್ತವೆ. ಅದನ್ನು ದಾಟಲು ಹೆದರುವವರಿಗೆ ನಮ್ಮಲ್ಲಿ ಪೇಟೆಯವರು ಅಂತ ಹೆಸರು.

ಅದೇ ಹಳ್ಳದ ಮೇಲೆ ನಾನೂ ಒಂದು ಸಂಕ ಹಾಕಿದೆ. ಎರಡು ರೌಟರ್ ಇಟ್ಟು, ಗಾಳಿಯಲ್ಲಿ. ವೈರ್‌ಲೆಸ್ ಬ್ರಿಡ್ಜ್ ಅಂತ ಅದರ ಪೇಟೆ ಹೆಸರು. ಒಂದೇ ಮಳೆಗಾಲದಲ್ಲಿ ಅದು ಎಷ್ಟು ಸಲ ತೇಲಿ ಹೋಯಿತು, ಪ್ರತಿ ಸಲವೂ ನಾನು ಯಾರ್ಯಾರ ಮೇಲೆ ತಪ್ಪು ಹೊರಿಸಿದೆ, ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತೇನೆ.

ಫೈಬರ್ ಬಂದದ್ದು ಚಿಕ್ಕಪ್ಪನ ಮನೆ ತನಕ. ಅವರದ್ದು ರಸ್ತೆ ಪಕ್ಕದ ಮನೆ. ಕರೆಂಟ್ ಕಂಬದಿಂದ ಕಂಬಕ್ಕೆ ಎಳೆದುಕೊಂಡು ಬಂದವರು ಅಲ್ಲಿಗೆ ನಿಂತರು. ನಮ್ಮ ಮನೆಗೆ ಬರಬೇಕಾದರೆ ರಸ್ತೆಯ ಸುತ್ತಿನಲ್ಲಿ ಹತ್ತಿರ ಹತ್ತಿರ ಒಂದು ಕಿಲೋಮೀಟರ್. "ಒಂದು ಮನೆಗೋಸ್ಕರ ಅಷ್ಟು ದೂರ ಆಗಲ್ಲ ಸಾರ್" ಅಂದರು. ಅವರ ಲೆಕ್ಕವೂ ತಪ್ಪಲ್ಲ. ಆದರೆ ತೋಟದ ಮೇಲಿಂದ ನೇರ ಅಳೆದರೆ ತೊಂಬತ್ತೇ ಮೀಟರ್. ಮಳೆಗಾಲದಲ್ಲಿ ಎರಡು ತಿಂಗಳು ಊರಿನಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿತ್ತು, ಅಮ್ಮ ಒಬ್ಬಳೇ ಇರುವ ಮನೆ, ಆ ತೊಂಬತ್ತು ಮೀಟರ್ ದಾಟಿದರೆ ಸಾಕಿತ್ತು.

ಕೇಬಲ್ ಎಳೆದರೆ ಮುಗಿಯಿತಲ್ಲ ಅಂತ ಬೆಂಗಳೂರಿನ ಗೆಳೆಯರು ಕೇಳಿದರು. ಈಥರ್ನೆಟ್ ಕೇಬಲ್ಲಿಗೆ 100 ಮೀಟರ್ ಮಿತಿ. ಮರದಿಂದ ಮರಕ್ಕೆ ಬಿಡುವ ಜೋಲು, ಮನೆಯೊಳಗಿನ ಸುತ್ತು ಸೇರಿದರೆ ಅದು ದಾಟಿಹೋಗುತ್ತದೆ. ಹಾಳೆ ಸಮೇತ ಸೋಗೆ ಬೀಳುವುದು, ಮಂಗಗಳು ಜೋತಾಡುವುದು ಬೇರೆ. ಇದೆಲ್ಲಕ್ಕಿಂತ ದೊಡ್ಡ ಹೆದರಿಕೆ ಸಿಡಿಲಿನದು. ಫೈಬರ್ ಗಾಜಿನ ಎಳೆ, ಅದರೊಳಗೆ ಕರೆಂಟು ಹರಿಯುವುದಿಲ್ಲ. ಎರಡು ಮನೆಗಳ ನಡುವೆ ತಾಮ್ರ ಕಟ್ಟಿದರೆ ಸಿಡಿಲು ಅದರ ಮೇಲೇ ಬೀಳಬೇಕೆಂದಿಲ್ಲ, ಹತ್ತಿರದಲ್ಲೆಲ್ಲೋ ಬಡಿದರೂ ಎರಡೂ ತುದಿಯ ಪೆಟ್ಟಿಗೆಗಳು ಸುಟ್ಟುಹೋಗಬಹುದು. ಲ್ಯಾಂಡ್‌ಲೈನ್ ಕಾಲದಲ್ಲಿ ದೂರದಲ್ಲಿ ಗುಡುಗಿದರೂ ಅಪ್ಪಯ್ಯ ಫೋನಿನ ವಯರ್ ಕಿತ್ತು ನೆಲಕ್ಕಿಡುತ್ತಿದ್ದರು. ಒಂದು ಸಲ ಮರೆತರು. ಗೋಡೆಯ ಮೇಲಿನ ಕಪ್ಪು ಕಲೆ ಇನ್ನೂ ಇದೆ, ಕ್ಯಾಲೆಂಡರಿನ ಹಿಂದೆ.

ಹಾಗಾಗಿ ಗಾಳಿ.

ಮೊದಲು ಮಾಡಿದ್ದು ಖರ್ಚಿಲ್ಲದ ಉಪಾಯ. ಬೆಂಗಳೂರಿನ ರೂಮಿನಲ್ಲಿ ಧೂಳು ತಿನ್ನುತ್ತಿದ್ದ ಹಳೇ ರೌಟರನ್ನು ತಂದು, ಚಿಕ್ಕಪ್ಪನ ಮನೆಯ ಫೈಬರ್ ಪೆಟ್ಟಿಗೆಯ ವೈಫೈಗೆ ಅದನ್ನೇ ಜೋಡಿಸಿದೆ. ಜೋಡಣೆಯಾಯಿತು ಅಂತ ಅದರ ಪುಟದಲ್ಲಿ ತೋರಿಸಿತು. ಆ ರೌಟರಿನೊಳಗಿಂದಲೇ ಪಿಂಗ್ ಮಾಡಿದರೆ, ಅಂದರೆ ಇದ್ದೀಯಾ ಅಂತ ಕೂಗಿ ನೋಡಿದರೆ, ಹೊರಗಿನ ಲೋಕ ಉತ್ತರ ಕೊಡುತ್ತಿತ್ತು. ಅದಕ್ಕೆ ವಯರ್ ಸಿಕ್ಕಿಸಿದ ಲ್ಯಾಪ್‌ಟಾಪಿಗೆ ಮಾತ್ರ ಏನೂ ಇಲ್ಲ. ವಿಳಾಸ ಕೂಡ ಸಿಗದೆ ಅದು 169.254 ಅಂತ ಶುರುವಾಗುವ ಒಂದು ನಂಬರನ್ನು ತಾನೇ ಇಟ್ಟುಕೊಂಡು ಕೂತಿತ್ತು. ಕೇಳಿದಾಗ ಯಾರೂ ವಿಳಾಸ ಕೊಡಲಿಲ್ಲ ಅನ್ನುವುದಕ್ಕೆ ಆ ನಂಬರೇ ಗುರುತು. ಅರ್ಧ ದಿನ ವಯರು ಬದಲಾಯಿಸಿದೆ, ಲ್ಯಾಪ್‌ಟಾಪ್ ಬದಲಾಯಿಸಿದೆ, ಎರಡು ಸಲ ಚಾ ಕುಡಿದೆ.

ದೋಷ ವಯರಿನಲ್ಲಿ ಇರಲಿಲ್ಲ, ವೈಫೈ ಕಾಗದ ಬರೆಯುವ ಕ್ರಮದಲ್ಲೇ ಇತ್ತು. ಸಾಮಾನ್ಯ ವೈಫೈಯಲ್ಲಿ ಒಂದು ಮೊಬೈಲು ರೌಟರಿಗೆ ಕಳಿಸುವ ಪ್ರತಿ ಲಕೋಟೆಯ ಮೇಲೆ ಮೂರು ವಿಳಾಸ: ಗಾಳಿಯಲ್ಲಿ ಎಸೆದವರು ಯಾರು, ಗಾಳಿಯಲ್ಲಿ ಹಿಡಿಯಬೇಕಾದವರು ಯಾರು, ಕೊನೆಗೆ ತಲುಪಬೇಕಾದದ್ದು ಯಾರಿಗೆ. ಎಸೆದವರೇ ಬರೆದವರು ಅಂತ ಅದರ ನಂಬಿಕೆ. ಎಸೆಯುವ ರೌಟರಿನ ಬೆನ್ನ ಹಿಂದೆ ಇನ್ನೊಬ್ಬ ಕೂತು ಬರೆಯುತ್ತಿದ್ದಾನೆ ಅಂದರೆ ಅವನ ಹೆಸರು ಹಾಕಲು ಜಾಗವೇ ಇಲ್ಲ. ನಾನು ಶಾಲೆಗೆ ಹೋಗುವಾಗ ನಮ್ಮ ಮನೆಗೆ ಬರುವ ಕಾಗದಗಳ ಮೇಲೆ ಬಸ್ಸು ನಿಲ್ಲುವ ಕಡೆಯ ಅಂಗಡಿಯ ಹೆಸರನ್ನು ಕೇರಾಫ್ ಅಂತ ಬರೆಯುತ್ತಿದ್ದರು. ಆ ಒಂದು ಸಾಲು ಬಿಟ್ಟುಹೋದ ಕಾಗದ ಎಲ್ಲೆಲ್ಲೋ ತಿರುಗಿ, ಮದುವೆ ಮುಗಿದ ಮೇಲೆ ಮದುವೆ ಕರೆಯ ರೂಪದಲ್ಲಿ ಬರುತ್ತಿತ್ತು. ವೈಫೈಗೂ ಕೇರಾಫ್ ಸಾಲಿರುವ ಒಂದು ಲಕೋಟೆ ಇದೆ, ನಾಲ್ಕು ವಿಳಾಸದ್ದು. ಅದನ್ನು ಬಳಸುವ ಏರ್ಪಾಡಿಗೆ ಡಬ್ಲ್ಯುಡಿಎಸ್ ಅನ್ನುತ್ತಾರೆ. ಕಷ್ಟ ಏನೆಂದರೆ, ಲಕೋಟೆ ಹೇಗಿರಬೇಕು ಅಂತ ವೈಫೈಯ 802.11 ಮಾನಕ ಹೇಳುತ್ತದೆ, ಎರಡು ತುದಿಗಳು ಒಪ್ಪಂದ ಹೇಗೆ ಮಾಡಿಕೊಳ್ಳಬೇಕು ಅಂತ ಹೇಳುವುದಿಲ್ಲ. ಹಾಗಾಗಿ ಒಂದೊಂದು ಕಂಪನಿಯದ್ದು ಒಂದೊಂದು ಕ್ರಮ. ಫೈಬರ್ ಪೆಟ್ಟಿಗೆಗೆ ನನ್ನ ರೌಟರಿನ ಮಾತು ತಿಳಿಯುತ್ತಿರಲಿಲ್ಲ, ಅಷ್ಟೇ.

ಶಿವಮೊಗ್ಗ ಪೇಟೆಯ ಅಂಗಡಿಯೊಂದರಲ್ಲಿ ಕೇಳಿದಾಗ "ಯಾವುದಾದ್ರೂ ಆಗುತ್ತೆ ಸಾರ್, ಎಲ್ಲ ಒಂದೇ" ಅಂದರು. ಎಲ್ಲ ಒಂದೇ ಅನ್ನುವುದು ವೇದಾಂತದಲ್ಲಿ ಸರಿ. ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿಸಿ, ನನ್ನಲ್ಲಿದ್ದ ಮಾಡೆಲ್ಲನ್ನೇ ಇನ್ನೊಂದು ತರಿಸಿದೆ. ಅದು ಚಿಕ್ಕಪ್ಪನ ಮನೆಯಲ್ಲಿ ಫೈಬರ್ ಪೆಟ್ಟಿಗೆಗೆ ವಯರಿನಿಂದ ಸೇರಿತು. ನಮ್ಮ ಮನೆಯಲ್ಲಿ ಹಳೆಯದು. ಒಂದರ ಗಾಳಿ ವಿಳಾಸವನ್ನು ಇನ್ನೊಂದರಲ್ಲಿ ಬರೆದುಕೊಡಬೇಕು. ಇಲ್ಲೂ ಒಂದು ಗಂಟೆ ಹೋಯಿತು, ಯಾಕೆಂದರೆ ರೌಟರಿನ ತಳದ ಚೀಟಿಯಲ್ಲಿ ಅಚ್ಚಾಗಿರುವ ಮ್ಯಾಕ್ ವಿಳಾಸವೇ (ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ನಂಬರು) ವೈಫೈಯದ್ದೂ ಆಗಿರಬೇಕೆಂದಿಲ್ಲ. ನನ್ನದರಲ್ಲಿ ಕೊನೆಯ ಅಕ್ಷರ ಒಂದು ಆಚೀಚೆ ಇತ್ತು. ಅದನ್ನು ರೌಟರಿನ ಒಳಪುಟದಲ್ಲೇ ನೋಡಬೇಕು. ನೋಡಿದೆ, ಬರೆದೆ, ಸಂಕ ಕೂತಿತು. ಅಮ್ಮ ಅಂದು ರಾತ್ರಿ ಮಗಳ ಜೊತೆ ಮುಖ ನೋಡಿಕೊಂಡು ಮುಕ್ಕಾಲು ಗಂಟೆ ಮಾತಾಡಿದಳು.

ಬೆಳಗಾಗುವಾಗ ಚಿಕ್ಕಮ್ಮನ ಕೂಗು ಕೇಳಿತು. "ನೀ ಎಂತ ಮಾಡಿದ್ಯಾ ಮಾರಾಯ? ನಮ್ಮನೆ ಟಿವಿನೂ ಹೋಯ್ತಲ!"

ನಿಜ. ನಮ್ಮ ಮನೆಯಲ್ಲಿ ಮೊಬೈಲಿಗೆ ಬರುತ್ತಿತ್ತು, ಲ್ಯಾಪ್‌ಟಾಪಿಗೆ ಇಲ್ಲ. ಅವರ ಮನೆಯಲ್ಲಿ ಚಿಕ್ಕಪ್ಪನ ಫೋನಿಗೆ ಬರುತ್ತಿತ್ತು, ಟಿವಿಗೆ ಇಲ್ಲ. ಬ್ರೌಸರಿನಲ್ಲಿ 192.168.1.1 ಅಂತ ಹೊಡೆದರೆ ಒಂದು ಸಲ ಫೈಬರ್ ಪೆಟ್ಟಿಗೆಯ ಪುಟ ತೆರೆಯುತ್ತದೆ, ಇನ್ನೊಂದು ಸಲ ನನ್ನ ರೌಟರಿನದ್ದು. ಅದನ್ನು ಕಂಡ ಮೇಲೆ ತಿಳಿಯಿತು. ಚಿಕ್ಕಪ್ಪನ ಮನೆಯ ರೌಟರಿಗೆ ಬೇರೆ ವಿಳಾಸ ಕೊಟ್ಟು, ಅದರ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ನಿಲ್ಲಿಸಿದ್ದೆ. ನಮ್ಮ ಮನೆಯದ್ದನ್ನು ಮರೆತಿದ್ದೆ. ಕಾರ್ಖಾನೆಯಿಂದ ಬರುವಾಗ ಪ್ರತಿ ರೌಟರೂ ತಾನೇ ಯಜಮಾನ ಅಂದುಕೊಂಡೇ ಬಂದಿರುತ್ತದೆ. ಬಂದವರಿಗೆಲ್ಲ ವಿಳಾಸ ಹಂಚುತ್ತದೆ, ಹೊರಗೆ ಹೋಗುವ ದಾರಿ ನಾನೇ ಅನ್ನುತ್ತದೆ. ಬ್ರಿಡ್ಜ್ ಹಾಕಿದ ಮೇಲೆ ಎರಡೂ ಮನೆ ಒಂದೇ ಜಾಲ. "ನನಗೊಂದು ವಿಳಾಸ ಕೊಡಿ" ಅಂತ ಟಿವಿ ಕೇಳಿದ್ದು ಹಳ್ಳದಾಚೆಗೂ ಕೇಳಿಸುತ್ತದೆ. ಯಾರು ಮೊದಲು ಓಗೊಟ್ಟರೋ ಅವರ ಮಾತು ಅದಕ್ಕೆ ಪ್ರಮಾಣ. ನನ್ನ ರೌಟರಿಗೆ ಓಗೊಡುವ ಉತ್ಸಾಹ ಇತ್ತು, ಹೊರಗಿನ ದಾರಿ ಗೊತ್ತಿರಲಿಲ್ಲ.

ರಾತ್ರಿಯೆಲ್ಲ ಸರಿಯಿದ್ದು ಬೆಳಿಗ್ಗೆ ಯಾಕೆ ಕೆಟ್ಟಿತು ಅನ್ನುವುದಕ್ಕೂ ಉತ್ತರ ಇದೆ. ವಿಳಾಸ ಕೊಡುವುದು ದಾನವಾಗಿ ಅಲ್ಲ, ಅವಧಿಗೆ. ಇಂಗ್ಲಿಷಿನಲ್ಲಿ ಅದಕ್ಕೆ ಲೀಸ್ ಅನ್ನುತ್ತಾರೆ, ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕಾದರೆ ಗೇಣಿ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು, 1974ರ ಮಾರ್ಚಿನಲ್ಲಿ ಜಾರಿಗೆ ಬಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ ಗೇಣಿ ಪದ್ಧತಿಗೇ ಕೊನೆ ಬಂತು. ರೌಟರಿನೊಳಗೆ ಅದು ಇನ್ನೂ ನಡೆಯುತ್ತಿದೆ, ಇಪ್ಪತ್ತನಾಲ್ಕು ಗಂಟೆಯ ಲೆಕ್ಕದಲ್ಲಿ. ಹಿಂದಿನ ದಿನ ಫೈಬರ್ ಪೆಟ್ಟಿಗೆಯಿಂದ ಪಡೆದ ಗೇಣಿ ಇರುವ ತನಕ ಎಲ್ಲವೂ ಆರಾಮಾಗಿದ್ದವು. ಬೆಳಿಗ್ಗೆ ಟಿವಿ ಹಾಕಿದಾಗ ಅದು ಹೊಸದಾಗಿ ಕೇಳಿತು, ತಪ್ಪು ಒಡೆಯನ ಕೈಗೆ ಸಿಕ್ಕಿತು.

ಅಪ್ಪಯ್ಯನಿಗೂ ಚಿಕ್ಕಪ್ಪನಿಗೂ ಹಿಸ್ಸೆ ಆದ ವರ್ಷ ತೋಟದ ನೀರು ಯಾರು ಬಿಡಬೇಕು ಅಂತ ಹೀಗೇ ಆಗಿತ್ತು. ಇಬ್ಬರೂ ಹೇಳುತ್ತಿದ್ದರು, ಆಳುಗಳು ಮೊದಲು ಕೇಳಿಸಿದ್ದನ್ನು ಮಾಡುತ್ತಿದ್ದರು. ಅದು ಸರಿಹೋಗಲು ಏಳು ವರ್ಷ ಬೇಕಾಯಿತು. ರೌಟರಿಗೆ ಒಂದು ಟಿಕ್ ಗುರುತು ತೆಗೆದರೆ ಸಾಕು.

ಆ ಟಿಕ್ ತೆಗೆಯಲು ಹೋಗಿ ಇನ್ನೊಂದು ಅವಾಂತರ ಮಾಡಿದೆ. ಗಾಳಿಯ ಮೇಲೆ ನಂಬಿಕೆ ಇಲ್ಲದೆ, ನಮ್ಮ ಮನೆಯ ರೌಟರನ್ನು ಸಂಕದ ಮೇಲಿಂದ ಹೊತ್ತುಕೊಂಡು ಹೋಗಿ, ಚಿಕ್ಕಪ್ಪನ ಮನೆಯ ಜಗಲಿಯಲ್ಲಿ ಅಕ್ಕಪಕ್ಕ ಇಟ್ಟು, ಎರಡರ ನಡುವೆ ಒಂದು ವಯರು ಸಿಕ್ಕಿಸಿದೆ. ಎರಡೂ ರೌಟರಿನ ದೀಪಗಳು ದೀಪಾವಳಿಯ ಸರದ ಹಾಗೆ ಮಿಂಚತೊಡಗಿದವು. ಎಲ್ಲವೂ ನಿಂತುಹೋಯಿತು, ಚಿಕ್ಕಪ್ಪನ ಫೋನೂ ಸೇರಿ. ವಯರಿನಲ್ಲಿ ಒಂದು ದಾರಿ, ಗಾಳಿಯಲ್ಲಿ ಇನ್ನೊಂದು. ಎಲ್ಲರಿಗೂ ಅಂತ ಕೂಗಿದ ಮಾತು ವಯರಿನಿಂದ ಹೋಗಿ ಗಾಳಿಯಿಂದ ವಾಪಸು ಬಂದು, ಮತ್ತೆ ವಯರಿನಿಂದ ಹೋಗುತ್ತದೆ. ಈಥರ್ನೆಟ್ ಲಕೋಟೆಗೆ ಇಷ್ಟು ಸಲ ಸುತ್ತಿದರೆ ಸಾಕು ಅನ್ನುವ ಲೆಕ್ಕ ಇಲ್ಲ, ನಿಲ್ಲಿಸುವವರೆಗೆ ಸುತ್ತುತ್ತಲೇ ಇರುತ್ತದೆ. ಈ ಸುತ್ತನ್ನು ತಾನೇ ಕಂಡುಕೊಂಡು ಒಂದು ದಾರಿಯನ್ನು ಮುಚ್ಚುವ ವಿಧಾನವನ್ನು ರೇಡಿಯಾ ಪರ್ಲ್‌ಮನ್ 1985ರಲ್ಲೇ ರೂಪಿಸಿದ್ದಾರೆ, ಸ್ಪ್ಯಾನಿಂಗ್ ಟ್ರೀ ಅಂತ. ಆಕೆ ಅದನ್ನು ಪದ್ಯವಾಗಿಯೂ ಬರೆದಿದ್ದಾರೆ. ನನ್ನ ಅಗ್ಗದ ಪೆಟ್ಟಿಗೆಗಳಲ್ಲಿ ಅದು ಚಾಲೂ ಇರಲಿಲ್ಲ. ವಯರು ಕಿತ್ತ ತಕ್ಷಣ ದೀಪಗಳು ಸುಮ್ಮನಾದವು. ಚಿಕ್ಕಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನೋಡುತ್ತಿದ್ದರು, ಏನೂ ಅನ್ನಲಿಲ್ಲ. ಫೈಬರ್ ಪೆಟ್ಟಿಗೆ 192.168.1.1, ಅವರ ಮನೆಯ ರೌಟರಿನ ಕೊನೆಯ ಅಂಕಿ 2, ನಮ್ಮದರದ್ದು 3, ಡಿಎಚ್‌ಸಿಪಿ ಒಂದೇ ಕಡೆ. ಹೊರಟೆ.

ಇಲ್ಲಿಗೆ ಜೂನ್ ಮುಗಿಯಿತು. ಪುನರ್ವಸು ಹಿಡಿದ ಮೇಲೆ ಶುರುವಾಯಿತು ನಿಜವಾದ ಗೋಳು.

"ಮಳೆ ಬಂದ್ರೆ ನೆಟ್ ಹೋಗ್ತದೆ" ಅಂತ ಅಮ್ಮ ಮೂರನೇ ದಿನಕ್ಕೇ ತೀರ್ಪು ಕೊಟ್ಟಳು. ನಾನು ಒಪ್ಪಲಿಲ್ಲ. ಮಲೆನಾಡಿನಲ್ಲಿ ಎಲ್ಲದಕ್ಕೂ ಮಳೆಯೇ ಕಾರಣ. ಹಪ್ಪಳ ಒಣಗದ್ದಕ್ಕೆ ಮಳೆ, ಬಸ್ಸು ಬಾರದ್ದಕ್ಕೆ ಮಳೆ, ಮಗ ಊರಿಗೆ ಬಾರದ್ದಕ್ಕೂ ಮಳೆ. ನನ್ನ ರೌಟರುಗಳು ಮಾತಾಡುವುದು 2.4 ಗಿಗಾಹರ್ಟ್ಸಿನಲ್ಲಿ. ಅದರ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್ ಹತ್ತಿರ, ಅಂದರೆ ಒಂದು ಗೇಣಿಗಿಂತ ಕಡಿಮೆ. ಮಳೆಹನಿ ಎಷ್ಟು ದಪ್ಪ ಇದ್ದರೂ ಕೆಲವು ಮಿಲಿಮೀಟರ್. ಆ ಅಲೆಗೆ ಹನಿಗಳು ಲೆಕ್ಕಕ್ಕಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಸುರಿಯುವ ಆಗುಂಬೆಯಲ್ಲಿ ನಿಂತರೂ ತೊಂಬತ್ತು ಮೀಟರಿನೊಳಗೆ ಬರೀ ಹನಿಯಿಂದ ಆಗುವ ನಷ್ಟ ಅಳತೆಗೆ ಸಿಗದಷ್ಟು ಸಣ್ಣದು. "ಮತ್ತೆ ಡಿಶ್ ಯಾಕೆ ಹೋಗ್ತದೆ?" ಅಂತ ಅಮ್ಮ ಕೇಳಿದಳು. ಒಳ್ಳೆಯ ಪ್ರಶ್ನೆ. ಡಿಶ್ಶಿನದು ಹತ್ತು ಗಿಗಾಹರ್ಟ್ಸ್ ದಾಟಿದ ಅಲೆ, ಅದರ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು, ಮೇಲಾಗಿ ಅದು ಇಡೀ ಮೋಡದ ಮಳೆಯನ್ನು ಹಾದು ಬರಬೇಕು. ನನ್ನ ಉತ್ತರ ಮುಗಿಯುವ ಹೊತ್ತಿಗೆ ಅಮ್ಮ ಒಲೆ ಹತ್ತಿರ ಹೋಗಿದ್ದಳು.

ಹನಿ ನಿರಪರಾಧಿ, ಎಲೆ ಅಲ್ಲ. ಮಳೆ ಹಿಡಿಯುವ ಮೊದಲು ನಮ್ಮ ಮನೆಯ ರೌಟರಿನಲ್ಲಿ ಸಿಗ್ನಲ್ ಮೈನಸ್ 66 ಡಿಬಿಎಂ ಇತ್ತು (ಸಿಗ್ನಲಿನ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ಮಳೆ ನಿಂತ ಅರ್ಧ ಗಂಟೆಗೆ, ಸೋಗೆಗಳು ಇನ್ನೂ ತೊಟ್ಟಿಕ್ಕುವಾಗ ನೋಡಿದರೆ ಮೈನಸ್ 79. ಸುಮ್ಮನೆ ನೋಡಿದರೆ ಹದಿಮೂರೇ ಅಂಕಿ, ಆದರೆ ಈ ಅಳತೆಯಲ್ಲಿ ಮೂರು ಇಳಿದರೆ ಅರ್ಧ, ಹತ್ತು ಇಳಿದರೆ ಹತ್ತರಲ್ಲೊಂದು. ಹದಿಮೂರು ಇಳಿಯಿತೆಂದರೆ ಬರುತ್ತಿದ್ದ ಶಕ್ತಿಯ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಉಳಿದಿದೆ ಅಂತ. ಕೊಳೆರೋಗಕ್ಕೆ ಔಷಧಿ ಹೊಡೆಸಿದ ವಾರ ಚಿಕ್ಕಪ್ಪ ಇನ್ನೊಂದು ಸಿದ್ಧಾಂತ ತಂದರು. "ಮೈಲುತುತ್ತ ಅಂದ್ರೆ ತಾಮ್ರ ಅಲ್ವನಾ? ಇಡೀ ತೋಟಕ್ಕೆ ತಾಮ್ರ ಬಳಿದ ಹಾಗೆ ಆಯ್ತಲ." ನೂರು ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ. ಗೊನೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೂತದ್ದು ತಂತಿಯಾಗುವುದಿಲ್ಲ. ಆದರೂ ಆ ಯೋಚನೆ ನನಗೆ ಬಹಳ ಹಿಡಿಸಿತು. ಕಂಪನಿಯ ಮೀಟಿಂಗಿನಲ್ಲಿ ಇಷ್ಟು ಒಳ್ಳೆಯ ತಪ್ಪು ಉತ್ತರ ಯಾರೂ ಕೊಡುವುದಿಲ್ಲ.

ನಾನು ರೌಟರನ್ನು ಉಪ್ಪರಿಗೆಯ ಕಿಟಕಿಗೆ ಏರಿಸಿದ್ದೆ. ಎತ್ತರ ಇದ್ದಷ್ಟೂ ಒಳ್ಳೆಯದು ಅನ್ನುವ ಪೇಟೆ ಬುದ್ಧಿ. ನಮ್ಮ ತೋಟ ಇರುವುದು ತಗ್ಗಿನಲ್ಲಿ, ಮನೆಗಳು ಎರಡೂ ಕಡೆ ದಿಬ್ಬದ ಮೇಲೆ. ಉಪ್ಪರಿಗೆಯ ಎತ್ತರಕ್ಕೆ ಸರಿಯಾಗಿ ಎದುರಾಗುವುದು ಮರಗಳ ತಲೆ. ಒದ್ದೆ ಸೋಗೆಯ ಗೋಡೆಗೇ ನಾನು ಅಲೆಯನ್ನು ಹೊಡೆಯುತ್ತಿದ್ದೆ. 5 ಗಿಗಾಹರ್ಟ್ಸ್ ಹಾಕು ಅಂತ ಗೆಳೆಯನೊಬ್ಬ ಸಲಹೆ ಕೊಟ್ಟ. ಒದ್ದೆ ಎಲೆಗಳ ನಡುವೆ ಅದು ಇನ್ನೂ ಬೇಗ ಸುಸ್ತಾಗುತ್ತದೆ.

ಮನೆಯ ಸುತ್ತ ಲ್ಯಾಪ್‌ಟಾಪ್ ಹಿಡಿದುಕೊಂಡು ಕಂಬಳಿ ಕೊಪ್ಪೆಯಲ್ಲಿ ಓಡಾಡುತ್ತಿದ್ದಾಗ ಅಮ್ಮ ಜಗಲಿಯಿಂದ ಕೂಗಿ ಹೇಳಿದಳು, "ಅಲ್ಲೆಲ್ಲ ಎಂತ ಹುಡುಕ್ತೀಯ? ಕೊಟ್ಟಿಗೆ ಮೂಲೆಗೆ ಹೋಗು. ನಾ ಚಿಕ್ಕಮ್ಮಂಗೆ ಕೂಗು ಹಾಕೋದು ಅಲ್ಲಿಂದಲೇ."

ಅದು ಎಲ್ಲರಿಗೂ ಗೊತ್ತಿರುವ ಜಾಗ. ಕಾಫಿಪುಡಿ ಬೇಕಾದರೆ, ಹಾವು ಕಂಡರೆ, ಅಪ್ಪಯ್ಯ ಹೋದ ಬೆಳಿಗ್ಗೆ ಕೂಡ, ಅಲ್ಲಿಂದಲೇ "ಕೂ" ಅಂದದ್ದು. ನಿಂತು ನೋಡಿದೆ. ಸಂಕಕ್ಕೆ ಇಳಿಯುವ ಕಾಲುದಾರಿ ಅಲ್ಲಿಂದ ನೇರ. ಎರಡು ಸಾಲು ಮರಗಳ ನಡುವೆ, ತಲೆಗಳ ಕೆಳಗೆ, ಹಳ್ಳದಾಚೆ ಚಿಕ್ಕಪ್ಪನ ಜಗಲಿಯ ಕಂಬ ಕಾಣುತ್ತದೆ. ಕೂಗಿನ ಅಲೆ ರೌಟರಿನದ್ದಕ್ಕಿಂತ ಎಷ್ಟೋ ಉದ್ದದ್ದು, ಮರ ಬಳಸಿಕೊಂಡು ಹೋಗಬಲ್ಲದು. ನನ್ನ ಅರ್ಧ ಗೇಣಿನ ಅಲೆಗೆ ಆ ಸೌಕರ್ಯ ಇಲ್ಲ, ಅದಕ್ಕೆ ಖಾಲಿ ದಾರಿಯೇ ಬೇಕು. ಕಣ್ಣಿಗೆ ಕಂಡರೆ ಸಾಲದು, ಸುತ್ತಲೂ ಸ್ವಲ್ಪ ಬಿಡುವು ಬೇಕು. ಫ್ರೆನೆಲ್ ವಲಯ ಅನ್ನುತ್ತಾರೆ, ನಡುವೆ ಉಬ್ಬಿದ ಸೌತೆಕಾಯಿಯ ಆಕಾರ. ತೊಂಬತ್ತು ಮೀಟರಿಗೆ ಅದರ ಹೊಟ್ಟೆಯ ತ್ರಿಜ್ಯ ಸುಮಾರು 1.7 ಮೀಟರ್, ಅದರಲ್ಲಿ ನೂರಕ್ಕೆ ಅರುವತ್ತು ಪಾಲು ಖಾಲಿ ಇದ್ದರೆ ಕೆಲಸ ನಡೆಯುತ್ತದೆ, ಅಂದರೆ ಒಂದು ಮೀಟರ್. ನಮ್ಮ ತೋಟದಲ್ಲಿ ಮರದಿಂದ ಮರಕ್ಕೆ ಒಂಬತ್ತು ಅಡಿ. ನಡುಗೆರೆಯಿಂದ ಆಚೆಗೆ ನಾಲ್ಕೂವರೆ ಅಡಿ, ಈಚೆಗೆ ನಾಲ್ಕೂವರೆ. ಮೆಣಸಿನ ಬಳ್ಳಿ ಹಬ್ಬಿದ ದಪ್ಪ ಕಳೆದರೆ ಸರಿಯಾಗಿ ಒಂದು ಮೀಟರ್ ಚಿಲ್ಲರೆ ಉಳಿಯುತ್ತದೆ. ಈ ಲೆಕ್ಕ ಮಾಡಿ ಮುಗಿಸಿದಾಗ ನನಗೆ ನಗು ಬಂತು. ಮರ ನೆಟ್ಟವರು ಅಜ್ಜ.

ರೌಟರ್ ಕೊಟ್ಟಿಗೆಯ ಸೂರಿನ ಕೆಳಗೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಹೋಯಿತು. ಆಚೆಯದ್ದು ಜಗಲಿ ಕಂಬಕ್ಕೆ ಬಂತು. ಸೋಗೆ ಒದ್ದೆಯಿದ್ದಾಗಲೂ ಮೈನಸ್ 63.

ಆದರೂ ನೆಟ್ ಹೋಗುತ್ತಿತ್ತು! ಮಳೆ ಬಂದಾಗಲೇ ಹೋಗುತ್ತಿತ್ತು. ಅಮ್ಮ ಏನೂ ಹೇಳದೆ ನನ್ನ ಮುಖ ನೋಡುತ್ತಿದ್ದಳು.

ದಂಬೆಯಲ್ಲಿ, ಅಂದರೆ ಸೀಳಿದ ಅಡಿಕೆ ಮರದ ದೋಣಿಯಲ್ಲಿ, ಗುಡ್ಡದಿಂದ ನೀರು ಬರುವ ಮನೆಗಳಲ್ಲಿ ನೀರು ನಿಂತರೆ ಯಾರೂ ನೇರ ಗುಡ್ಡದ ತಲೆಗೆ ಓಡುವುದಿಲ್ಲ. ಹಂಡೆಯಿಂದ ಹಿಂದಕ್ಕೆ, ಒಂದೊಂದೇ ಕೂಡು ನೋಡುತ್ತಾ ಹೋಗುತ್ತಾರೆ. ಪಿಂಗ್ ಮಾಡುವುದೂ ಹಾಗೇ. ಮೊದಲು 3, ನಮ್ಮದೇ ರೌಟರ್. ಆಮೇಲೆ 2, ಹಳ್ಳದಾಚೆಯದ್ದು. ಆಮೇಲೆ 1, ಫೈಬರ್ ಪೆಟ್ಟಿಗೆ. ಆಮೇಲೆ 8.8.8.8, ಹೊರಲೋಕ. ಎಲ್ಲಿ ಉತ್ತರ ನಿಲ್ಲುತ್ತದೋ ಅದರ ಹಿಂದಿನ ಕೂಡು ಕಳಚಿದೆ. ನಾಲ್ಕನ್ನೂ ಇಡೀ ದಿನ ಓಡಲು ಬಿಟ್ಟು, ಗಂಟೆ ನಿಮಿಷದ ಸಮೇತ ಬರೆಸಿದೆ. ನೋಡಿದರೆ 3 ಯಾವಾಗಲೂ ಉತ್ತರಿಸಿದೆ, 2ರಿಂದ ಆಚೆಗೆ ಸದ್ದಿಲ್ಲ. ಅದು ನಿಂತ ಹೊತ್ತು ಮಳೆ ಜೋರಾದ ಹೊತ್ತಲ್ಲ, ಕರೆಂಟು ಹೋದ ಹೊತ್ತು. ನಮ್ಮಲ್ಲಿ ಇನ್ವರ್ಟರ್ ಇದೆ, ಚಿಕ್ಕಪ್ಪನ ಜಗಲಿಯ ಪ್ಲಗ್ಗಿಗೆ ಇಲ್ಲ. ಮಳೆ ಬಂದರೆ ಎಲ್ಲೋ ತಂತಿಯ ಮೇಲೆ ಕೊಂಬೆ ಬಿತ್ತು ಅಂತ ಕರೆಂಟು ಹೋಗುತ್ತದೆ, ಅದು ಹೊಸದಲ್ಲ. ಹೋದ ಕರೆಂಟು ಬಂದ ಮೇಲೂ ಸಂಕ ಕೂರುತ್ತಿರಲಿಲ್ಲ, ಅದು ವಿಚಿತ್ರ. ಅದರಲ್ಲೂ ಕೆಲವು ಸಲ ಕೂರುತ್ತಿತ್ತು, ಹಾಗಾಗಿ ಕಾರಣ ಕೈಗೆ ಸಿಗುತ್ತಿರಲಿಲ್ಲ.

ಆಚೆಯ ರೌಟರಿನಲ್ಲಿ ಚಾನೆಲ್ 'ಆಟೋ' ಅಂತ ಇತ್ತು. 2.4 ಗಿಗಾಹರ್ಟ್ಸಿನಲ್ಲಿ 1ರಿಂದ 13 ಚಾನೆಲ್. ಪ್ರತಿ ಸಲ ಕರೆಂಟು ಬಂದಾಗ ಅದು ಸುತ್ತ ಕಿವಿಗೊಟ್ಟು, ಗಲಾಟೆ ಕಡಿಮೆ ಇರುವ ಚಾನೆಲ್ ಹುಡುಕಿ ಕೂರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅದು ಜಾಣತನ. ಅರ್ಧ ಮೈಲಿಗೆ ಇನ್ನೊಂದು ಮನೆ ಇಲ್ಲದ ಕಡೆ ಎಲ್ಲ ಚಾನೆಲ್ಲೂ ಖಾಲಿಯೇ, ಹಾಗಾಗಿ ಒಂದು ದಿನ 6ರಲ್ಲಿ ಕೂತರೆ ಇನ್ನೊಂದು ದಿನ 11ರಲ್ಲಿ. ನಮ್ಮ ಕಡೆಯದ್ದು 6ರಲ್ಲಿ ಕಿವಿ ನೆಟ್ಟುಕೊಂಡು ಕಾಯುತ್ತಲೇ ಇರುತ್ತದೆ. ಆಚೆಯದ್ದು ಆಕಸ್ಮಾತ್ 6ಕ್ಕೆ ಬಂದ ದಿನ ಎಲ್ಲವೂ ಸರಿ. ಎರಡನ್ನೂ 11ಕ್ಕೆ ಕಟ್ಟಿಹಾಕಿದೆ, ಫೈಬರ್ ಪೆಟ್ಟಿಗೆಯ ವೈಫೈಯನ್ನು ದೂರ ಇರಲಿ ಅಂತ 1ಕ್ಕೆ. ಜಗಲಿಗೆ ಒಂದು ಪುಟ್ಟ ಹನ್ನೆರಡು ವೋಲ್ಟಿನ ಯುಪಿಎಸ್ ತಂದಿಟ್ಟೆ. ಅಂದಿನಿಂದ ನೆಟ್ ಮಳೆಗೆ ಹೋಗಿಲ್ಲ.

"ಹಾಗಾದ್ರೆ ಮಳೆಯಿಂದಲೇ ಹೋಗ್ತಿದ್ದದ್ದು ತಾನೇ?" ಅಂದಳು ಅಮ್ಮ. ಮಳೆಯಿಂದ ಕೊಂಬೆ, ಕೊಂಬೆಯಿಂದ ಕರೆಂಟು, ಕರೆಂಟಿನಿಂದ ಚಾನೆಲ್. ಹೌದು ಅನ್ನದೆ ಬೇರೆ ದಾರಿ ಇರಲಿಲ್ಲ.

ಈ ವರ್ಷ ಮೇ ಕೊನೆಯಲ್ಲಿ ಸಂಕ ಹಾಕುವ ದಿನ ನಾನೂ ಊರಲ್ಲಿದ್ದೆ. ಮರ ಹೊತ್ತು ತರುವಾಗ ನೋಡಿದರೆ ಕಾಲುದಾರಿಯ ನಟ್ಟನಡುವೆ, ಹಳ್ಳದ ಈಚೆ ದಂಡೆಯಲ್ಲಿ, ಹೊಸದಾಗಿ ಗುಂಡಿ ತೋಡಿ ಅಡಿಕೆ ಸಸಿ ನೆಟ್ಟಿದೆ. ಹಿಂದಿನ ಗಾಳಿಗೆ ಬಿದ್ದ ಮರಗಳ ಬದಲಿಗೆ ಅಂತ ಚಿಕ್ಕಪ್ಪ ನೆಡಿಸಿದ್ದು. ಸಾಲಿನಲ್ಲಿ ಜಾಗ ಇದ್ದರೂ ಮಣ್ಣು ಇಲ್ಲಿ ಚೆನ್ನಾಗಿದೆ ಅಂತ. ನಾನು ಕೊಟ್ಟಿಗೆ ಮೂಲೆ, ಜಗಲಿ ಕಂಬ ತೋರಿಸಿ, ಸೌತೆಕಾಯಿಯ ಆಕಾರ ಕೈಯಲ್ಲಿ ಬರೆದು ತೋರಿಸಿ, ಇದನ್ನೊಂದು ನಾಲ್ಕು ಅಡಿ ಆಚೆ ಹಾಕಬಹುದಿತ್ತಲ್ಲ ಚಿಕ್ಕಪ್ಪ ಅಂದೆ.

ಅವರು ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡರು. "ಇದು ಫಸಲಿಗೆ ಬರೋದಕ್ಕೆ ಐದಾರು ವರ್ಷ ಬೇಕಾ. ನಿನ್ನ ಡಬ್ಬಿ ಅಲ್ಲಿ ತನಕ ಇರ್ತದನಾ?"

ಸಸಿ ಈಗ ಮೊಣಕಾಲೆತ್ತರ ಇದೆ. ಸಿಗ್ನಲ್ ಮೈನಸ್ 62.